ರಸ್‌ನ ಜಾಗ

“ಮುಂದೆ ಬಾ ಟ್ರೀನಾ, ಆ ಜಾಗ ತುಂಬು. ಯಾವನಾದ್ರೂ ಕಾರು ನುಗ್ಗಿಸ್ತಾನೆ.” ಹೆಲ್ಮೆಟ್ಟಿನೊಳಗಿನ ಸ್ಪೀಕರಿನಲ್ಲಿ ತಂಡದ ಮುಂದಾಳು ಡ್ವೈಟ್‌ನ ದನಿ. ಅಮೆರಿಕದ ಬ್ಲೂ ರಿಜ್ ಬೆಟ್ಟದ ದಾರಿಯಲ್ಲಿ ಎಂಟು ಬೈಕುಗಳ ಸಾಲು, ಕೊನೆಯವಳು ಟ್ರೀನಾ. ಅವಳ ಮುಂದೆ ಒಂದು ಬೈಕಿನಷ್ಟು ಜಾಗ ಖಾಲಿ.

“ಅದು ರಸ್‌ದು.”

“ಗಂಡನ್ನ ಮಣ್ಣು ಮಾಡಿ ಐದು ತಿಂಗಳಾಯ್ತಲ್ಲಮ್ಮ. ಇದ್ದಾಗ್ಲೂ ಎಲ್ಲರನ್ನೂ ಕಾಯಿಸ್ತಿದ್ದ, ಈಗ್ಲೂನಾ?”

ಅವಳಿಗೆ ನಗು ಬಂತು. ವೇಗ ಹೆಚ್ಚಿಸಿ ರಸ್‌ನ ಜಾಗಕ್ಕೆ ಹೋದಳು. ಮುಂದಿನ ಬೈಕು ತಿರುವಿನಲ್ಲಿ ಮರೆಯಾಯಿತು. ಅಷ್ಟರಲ್ಲಿ ಅವಳ ಎಡಗೈ ತಾನಾಗಿ ಕೆಳಗಿಳಿದು ನೆಲದತ್ತ ಬೆರಳು ಚಾಚಿತು: ಜಲ್ಲಿ ಇದೆ, ಹುಷಾರು. ಹಿಂದೆ ಬರುತ್ತಿದ್ದ ಅವಳಿಗೆ ಹನ್ನೊಂದು ವರ್ಷ ರಸ್ ತೋರಿಸುತ್ತಿದ್ದದ್ದು ಹೀಗೆಯೇ. ಈಗ ಹಿಂದೆ ಯಾರೂ ಇರಲಿಲ್ಲ. ರಸ್ತೆಯ ಮೇಲಿನ ಜಲ್ಲಿ ಅವಳ ಕಣ್ಣಿಗೆ ಬಿದ್ದದ್ದು ಆಮೇಲೆ.