ಮಿಣುಕು ಬೆಳೆಯದ ಭಾನುವಾರ

ಬಡಾವಣೆಯ ಸಾಕುಪ್ರಾಣಿಗಳ ಪಂದ್ಯದಲ್ಲಿ ಎದುರಾಳಿಯನ್ನು ಕೆಡವಿದ ಪ್ರಾಣಿ ನಿಂತ ನಿಲುವಿನಲ್ಲೇ ಒಂದು ಮಟ್ಟ ಮೇಲೇರಿ ಬೆಳೆದುಬಿಡುತ್ತಿತ್ತು. ಹಾಗೆ ಬೆಳೆದೂ ಬೆಳೆದೂ ಪಕ್ಕದ ಮನೆಯ ಗಿರಿಜಮ್ಮನವರ ಬಂಡೆಪ್ಪ ಈಗ ಕಾರ್ ಶೆಡ್ಡಿನಲ್ಲಿ ಮಲಗುತ್ತಿತ್ತು. ಕುಮುದಾಳ ಮಿಣುಕು ಮಾತ್ರ ಇನ್ನೂ ಮೊದಲನೇ ಮಟ್ಟದ್ದು, ಅಂಗೈಯಗಲದ್ದು. ಅದನ್ನು ಬೆಳೆಸುವುದೇ ಇಲ್ಲವೆಂದು ಅವಳ ಹಠ. ಆದರೆ ವರ್ಷಕ್ಕೊಂದಾದರೂ ಪಂದ್ಯ ಗೆಲ್ಲದ ಪ್ರಾಣಿಯನ್ನು ಕಾಡಿಗೆ ಬಿಡಬೇಕೆಂಬುದು ಬಡಾವಣೆಯ ಕಟ್ಟಳೆ. ಮಿಣುಕು ಈ ವರ್ಷ ಒಂದೂ ಗೆದ್ದಿರಲಿಲ್ಲ; ಇವತ್ತಿನದೇ ವರ್ಷದ ಕೊನೆಯ ಪಂದ್ಯ, ಅದೂ ಬಂಡೆಪ್ಪನೊಡನೆ.

"ಒಂದೇ ಏಟಿಗೆ ಚಟ್ನಿ ಆಗೋಗತ್ತೆ ಕಣೇ," ಪಾರ್ಕಿನಲ್ಲಿ ಗಿರಿಜಮ್ಮ ನಕ್ಕರು.

ಕುಮುದಾ ತಲೆ ಎತ್ತಲಿಲ್ಲ. "ಹೊಡೀಬೇಡ, ಬರೀ ತಪ್ಪಿಸ್ಕೋತಾ ಇರು," ಎಂದು ಮಿಣುಕಿನ ಕಿವಿಯಲ್ಲಿ ಉಸುರಿದಳು.

ಬಂಡೆಪ್ಪ ನುಗ್ಗಿದಾಗಲೆಲ್ಲ ಮಿಣುಕು ಪಕ್ಕಕ್ಕೆ ಜಾರಿತು. ಬಿಸಿಲೇರಿತು. ಕೊನೆಗೆ ಬಂಡೆಪ್ಪ ಬೇಸತ್ತು, ಸುಣ್ಣದ ಗೆರೆ ದಾಟಿ, ಹೊಂಗೆಮರದ ನೆರಳಿಗೆ ಹೋಗಿ ಮಲಗಿಬಿಟ್ಟಿತು.

"ಗೆರೆ ದಾಟ್ತು! ಮಿಣುಕು ಗೆದ್ದಂಗೆ!" ತೀರ್ಪುಗಾರರು ಸೀಟಿ ಊದಿದರು.

ಕೆಡವಿರಲಿಲ್ಲವಾದ್ದರಿಂದ ಮಿಣುಕು ಕೂದಲೆಳೆಯಷ್ಟೂ ಬೆಳೆಯಲಿಲ್ಲ.

"ಅಯ್ಯೋ, ಗೆದ್ದೂ ದಂಡ ಆಯ್ತಲ್ಲೇ!" ಗಿರಿಜಮ್ಮ ಮರುಗಿದರು.

"ಇಲ್ಲ ಆಂಟಿ. ಇವತ್ತೂ ನನ್ನ ದಿಂಬಿನ ಮೇಲೇ ಮಲಗತ್ತೆ," ಎಂದಳು ಕುಮುದಾ, ಮೆಲ್ಲಗೆ.

ಗಿರಿಜಮ್ಮ ಹೊಂಗೆಮರದಡಿ ಹೋಗಿ ಕೂತು, ಬಂಡೆಪ್ಪನನ್ನು ತೊಡೆಯ ಮೇಲೆ ಎಳೆದುಕೊಂಡರು. ಅಲ್ಲಿ ಹಿಡಿಸಿದ್ದು ಅದರ ತಲೆಯೊಂದೇ.