ಪಟ್ಟಿಯ ಮೊದಲ ಹೆಸರು

ಲೂಪ್ ಸೊನ್ನೆಯಿಂದ ಶುರುವಾಗಬೇಕಿತ್ತಲ್ಲ, ಒಂದು ಎಂದು ಬರೆದುಬಿಟ್ಟೆನೇ? ಲಕ್ಷ್ಮಿಕಾಂತ ಲ್ಯಾಪ್‌ಟಾಪಿನ ಪರದೆಯಿಂದ ಕಣ್ಣು ಕೀಳಲಿಲ್ಲ. ಶಹಾಬಾದಿನ ಫರಸಿ ಕಲ್ಲಿನ ಖಣಿಯ ಕೆಲಸಗಾರರಿಗೆ, ಯಾರ ಎದೆಯ ತಪಾಸಣೆ ಯಾವ ದಿನ ಎಂದು ತಿಳಿಸಲು ಅವನು ಮಾಡಿದ ಆ್ಯಪ್ ಅದು. ಅದರೊಳಗಿನ ಲೂಪ್, ಎಂದರೆ ಮತ್ತೆ ಮತ್ತೆ ಸುತ್ತುವ ಆದೇಶ, ಕೆಲಸಗಾರರ ಪಟ್ಟಿಯಿಂದ ಒಂದೊಂದೇ ಹೆಸರು ಹಿಡಿದು ಮೆಸೇಜ್ ಕಳಿಸುತ್ತಿತ್ತು. ಪಟ್ಟಿಯ ಮೊದಲ ಹೆಸರನ್ನು ಕಂಪ್ಯೂಟರ್ ಸೊನ್ನೆ ಎಂದು ಎಣಿಸುತ್ತದೆ. ಒಂದರಿಂದ ಹೊರಟ ಲೂಪ್ ಆ ಹೆಸರನ್ನು ಬಿಟ್ಟೇ ಹೋಗಿತ್ತು. ಮೊದಲ ಹೆಸರು ಮಾಣಿಕಮ್ಮ.

ಆಕೆ ತೀರಿಕೊಂಡು ಹನ್ನೆರಡು ದಿನ. ಎದುರಿಗೆ ಕೂತಿದ್ದ ಗಂಡ ದಶರಥ ಅಂಗಿಯ ಕಿಸೆಯಿಂದ ಆಕೆಯ ಡಬ್ಬಾ ಫೋನು ತೆಗೆದು ಮೇಜಿನ ಮೇಲೆ ಮಲಗಿಸಿದ.

“ಎಲ್ಲಾರಿಗೂ ಮೆಸೇಜ್ ಬಂತ್ರಿ ಸರ, ಇದಕ್ಕ ಬರಲಿಲ್ಲ. ಹೊಸಾದು ಕೊಡಸು ಅಂತ ಭಾಳ ಬಡ್ಕೊಂಡ್ಳು. ‘ನಿನಗ್ಯಾವ ಮಿನಿಸ್ಟರ್ ಫೋನ್ ಮಾಡ್ತಾನ’ ಅಂತ ನಕ್ಕಿದ್ದೆ. ತಪಾಸಣಿ ತಪ್ಪಿತು, ರೋಗ ಬಲಿತು. ನಾನೇ ಕೊಂದೆ ಅಕೀನ್ನ.”

“ಹಂಗ ಅನಬ್ಯಾಡ್ರಿ ಕಾಕಾ,” ಎಂದ ಲಕ್ಷ್ಮಿಕಾಂತ. ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದ.

ದಶರಥ ಫೋನನ್ನು ಧೋತರದ ಸೆರಗಿನಿಂದ ಒರೆಸಿ, ಕಿಸೆಗಿಟ್ಟುಕೊಂಡು ಎದ್ದ. ಆ ಫೋನಿನಲ್ಲಿ ಯಾವ ದೋಷವೂ ಇರಲಿಲ್ಲ ಎಂದು ಲಕ್ಷ್ಮಿಕಾಂತ ಅವನಿಗೆ ಹೇಳಲೇ ಇಲ್ಲ.