ಟ್ರೈ ಮಾಡ್ತೀನಿ

"ಎಂಬತ್ತು ಎಲೆಗೆ ಮಾಡಪ್ಪ, ಸಾಕು," ಎಂದ ಗಂಗರಾಜು.

ಅಡುಗೆಯ ಅಂಜನಮೂರ್ತಿ ತಲೆ ಕೆರೆದುಕೊಂಡ. ಬೆಳಗಾದರೆ ತುಮಕೂರಿನಲ್ಲಿ ಗಂಗರಾಜುವಿನ ಹೊಸ ಮನೆಯ ಗೃಹಪ್ರವೇಶ. ಕರೆದಿರುವುದು ಅದರ ದುಪ್ಪಟ್ಟು ಜನರನ್ನು.

"ರೀ, ಊರ್ಡಿಗೆರೆ ಮಾವನೋರು, ಚೇಳೂರಿನೋರು ಎಲ್ಲಾ ಬಂದ್ರೆ? ಹಸ್ಕೊಂಡು ವಾಪಸ್ ಹೋದ್ರೆ ಸಾಯೋತನಕ ಆಡ್ಕೋತಾರೆ," ಎಂದಳು ಹೆಂಡತಿ ಪ್ರೇಮಲತಾ.

"ಅವರೆಲ್ಲ 'ಟ್ರೈ ಮಾಡ್ತೀನಿ' ಅಂದವ್ರೆ ಕಣೇ." ಗಂಗರಾಜು ಪಾಠ ಶುರು ಮಾಡಿದ. "ಪ್ಲಂಬರ್ ಟ್ರೈ ಮಾಡ್ತೀನಿ ಅಂದ್ರೆ ಮುಂದಿನ ವಾರ. ಸಾಹೇಬ್ರು ಅಂದ್ರೆ ಫೈಲ್ ಮುಟ್ಟಲ್ಲ. ನೆಂಟರು ಅಂದ್ರೆ ಬರಲ್ಲ. ಇಷ್ಟೂ ಗೊತ್ತಾಗಲ್ವಾ?"

ಅವನಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರಬೇಕು? ಊರ್ಡಿಗೆರೆಯ ಸೋದರಮಾವ ಬೆಟ್ಟಯ್ಯನ ಮನೆಯ ಮದುವೆ, ನಾಮಕರಣ, ಹಬ್ಬದೂಟ, ಎಲ್ಲದಕ್ಕೂ 'ಟ್ರೈ ಮಾಡ್ತೀನಿ ಮಾವ' ಎಂದು ಫೋನಿಟ್ಟು, ಮನೆಯಲ್ಲೇ ಕಾಲು ಚಾಚಿ ಮಲಗಿದ್ದ ಪುಣ್ಯಾತ್ಮ ಅವನು.

ಮರುದಿನ ಮೊದಲ ಪಂಕ್ತಿ ಏಳುವ ಹೊತ್ತಿಗೆ ಬಾಗಿಲಿಗೆ ಟೆಂಪೋ ಬಂದು ನಿಂತಿತು. ಬೆಟ್ಟಯ್ಯ ಇಳಿದ. ಅವನ ಹಿಂದೆ ಹೆಂಡತಿ ರಂಗಲಕ್ಷ್ಮಮ್ಮ, ಮಕ್ಕಳು, ಮೊಮ್ಮಕ್ಕಳು, ಬೀಗರು, ಪಕ್ಕದ ಮನೆಯವರು. ಇಳಿದರು, ಇಳಿಯುತ್ತಲೇ ಇದ್ದರು. ಅಷ್ಟರಲ್ಲಿ ಚೇಳೂರಿನವರ ಟೆಂಪೋನೂ ಬಂತು.

ಗಂಗರಾಜು ಬಾಗಿಲಿಗೆ ಬಂದ. "ಬನ್ನಿ ಮಾವ... ಟ್ರೈ ಮಾಡ್ತೀನಿ ಅಂದಿದ್ರಲ್ಲ..."

"ಹೂಂ ಕಣ್ಲಾ. ನೀನೂ ನಮ್ಮನೆಗೆ ಬರಕ್ಕೆ ಎಷ್ಟು ವರ್ಷದಿಂದ ಟ್ರೈ ಮಾಡ್ತಿದೀಯ, ಪಾಪ, ಆಗ್ತಾನೇ ಇಲ್ಲ. ಹೆಂಗೆ ಟ್ರೈ ಮಾಡ್ಬೇಕು ಅಂತ ತೋರ್ಸಾನ ಅಂತ ಎಲ್ಲಾರ್ನೂ ಹೊರಡುಸ್ಕೊಂಡು ಬಂದೆ. ಎಲೆ ಹಾಕ್ಸು."

ಗಂಗರಾಜು ಹಿತ್ತಲಿಗೆ ಓಡಿದ. "ಅಂಜನಮೂರ್ತಿ, ಇನ್ನೂ ಅಷ್ಟೇ ಜನಕ್ಕೆ ಆಗ್ಬೇಕು. ಮಾನ ಉಳ್ಸಪ್ಪ."

ಅಂಜನಮೂರ್ತಿ ಪಾತ್ರೆಗಳನ್ನು ನೋಡಿದ. ಆಮೇಲೆ ಇವನನ್ನು ನೋಡಿದ. "ಟ್ರೈ ಮಾಡ್ತೀನಿ ಸಾರ್."

ಆ ಮಾತು ಕೇಳಿ ಗಂಗರಾಜು ಅಲ್ಲೇ ಕುಸಿದು ಕೂತ. ಪ್ರೇಮಲತಾ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಎಲ್ಲರೂ ನಿಮ್ಮ ಥರಾನೇ ಟ್ರೈ ಮಾಡ್ತಾರಾ? ಏಳಿ, ಅಕ್ಕಿ ಮೂಟೆ ತನ್ನಿ."

ಮತ್ತೆ ಎಸರಿಟ್ಟರು. ಸಾರಿಗೆ ನೀರು ಬಿತ್ತು, ಒಬ್ಬಟ್ಟು ಅರ್ಧರ್ಧವಾಯಿತು. ಬಡಿಸಿ ಬಡಿಸಿ ಗಂಗರಾಜುವಿನ ಸೊಂಟ ಬಿದ್ದುಹೋಯಿತು. ಆದರೆ ಬಂದವರಲ್ಲಿ ಒಬ್ಬರೂ ಹಸಿದುಕೊಂಡು ಹೋಗಲಿಲ್ಲ.

ಹೊತ್ತು ಇಳಿಯುವಾಗ ಬೆಟ್ಟಯ್ಯ ಎಲೆಅಡಿಕೆ ಮೆಲ್ಲುತ್ತಾ, ಹೋಗಿಬರುತ್ತೇನೆಂದು ಹೇಳಲು ಹಿತ್ತಲಿಗೆ ಬಂದ. ಗಂಗರಾಜು ಅನ್ನದ ಕೊಳದಪ್ಪಲೆಯೊಳಗೆ ತಲೆ ತೂರಿಸಿ, ತಳ ಹತ್ತಿದ್ದನ್ನು ಸೌಟಿನಲ್ಲಿ ಕೆರೆಯುತ್ತಿದ್ದ.

"ನಿಂದು ಊಟ ಆಯ್ತೇನ್ಲಾ?"

ಕೊಳದಪ್ಪಲೆಯೊಳಗಿಂದ ಉತ್ತರ ಬಂತು: "ಟ್ರೈ ಮಾಡ್ತಾ ಇದೀನಿ ಮಾವ."